ಕೌದಿಯೊಳಗಿಂದ ಆಟ ನೋಡಿದ ಹುಡುಗಿ

ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಐದು ಅಡಿ ಎಂಟು ಇಂಚು ಬೆಳೆದಿದ್ದೆ. ಪ್ರೇಯರ್ ಸಾಲಿನಲ್ಲಿ ಯಾವಾಗಲೂ ಕೊನೆ. "ಏನೇ ಲಂಬು, ಮೇಲೆ ಮಳೆ ಶುರುವಾಯ್ತಾ?" ಅಂತ ಕೇಳುವವರು ದಿನಕ್ಕೆ ಇಬ್ಬರಾದರೂ ಸಿಗುತ್ತಿದ್ದರು, ಅದಕ್ಕೇ ಬೆನ್ನು ಬಗ್ಗಿಸಿ ನಡೆಯುವುದು ಅಭ್ಯಾಸ ಆಗಿಹೋಗಿತ್ತು. ಒಂದು ಸಂಜೆ ಪಿಟಿ ಮೇಡಂ ನನ್ನನ್ನು ಕರೆದು ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ ನಿಲ್ಲಿಸಿ ಕೈ ಎತ್ತಿಸಿದರು. "ನೋಡು, ಇಲ್ಲಿ ಇಷ್ಟುದ್ದ ಇರೋರೇ ಬೇಕು" ಅಂದರು. ಮೂರು ವರ್ಷ ಆ ರಿಂಗಿನ ಕೆಳಗೇ ರೀಬೌಂಡ್, ಅಂದರೆ ಒಳಗೆ ಬೀಳದೆ ಪುಟಿದು ಬಂದ ಬಾಲ್, ಹಿಡಿದೆ.

ಮೇಡಂ ನೆನಪಾದರೆ ಈಗ ಇನ್ನೊಬ್ಬರೂ ಜೊತೆಗೇ ನೆನಪಾಗುತ್ತಾರೆ. 2022ರ ಜನವರಿಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಲೂಸಿಯಾ ಹ್ಯಾರಿಸ್ ತೀರಿಕೊಂಡ ಸುದ್ದಿ ಓದಿದೆ. ಅಲ್ಲಿಯವರೆಗೆ ನಾನು ಅವರ ಹೆಸರನ್ನೇ ಕೇಳಿರಲಿಲ್ಲ. ಇಷ್ಟು ವರ್ಷ ಆಡಿದವಳಿಗೆ ಯಾರೂ ಹೇಳಿರಲಿಲ್ಲವಲ್ಲ ಅಂತ ಅವತ್ತು ತುಂಬಾ ಬೇಜಾರಾಯಿತು.

ಲೂಸಿಯಾ ಹುಟ್ಟಿದ್ದು 1955ರಲ್ಲಿ, ಮಿಸಿಸಿಪ್ಪಿ ರಾಜ್ಯದ ಮಿಂಟರ್ ಸಿಟಿಯಲ್ಲಿ. ಹೆಸರಿಗೆ ಸಿಟಿ, ಸುತ್ತ ಬರೀ ಹತ್ತಿ ಹೊಲ. ಹೊಲದಲ್ಲಿ ದುಡಿಯುವ ಕಪ್ಪು ಜನರ ಮನೆ, ಹನ್ನೊಂದು ಮಕ್ಕಳಲ್ಲಿ ಇವರು ಹತ್ತನೆಯವರು. ಎತ್ತರ ಆರಡಿ ಮೂರಿಂಚು. ಅವರನ್ನೂ ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದರಂತೆ. ರಾತ್ರಿ ಮಲಗುವ ಹೊತ್ತು ಮೀರಿದ ಮೇಲೆ ಕೌದಿ ಹೊದ್ದುಕೊಂಡು, ಅದರೊಳಗಿಂದಲೇ ಟಿವಿಯಲ್ಲಿ ಆಗಿನ ದೊಡ್ಡ ಬಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ರಾಬರ್ಟ್‌ಸನ್ ಆಟ ನೋಡುತ್ತಿದ್ದರು. ಅವರ ಹಾಗೇ ಬಾಲ್ ಹಾಕಬೇಕು ಅನ್ನುವುದೊಂದೇ ಆಸೆ.

ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ಯೂನಿವರ್ಸಿಟಿ ಸೇರಿದಾಗ ತಂಡದಲ್ಲಿ ಕಪ್ಪು ಹುಡುಗಿ ಇವರೊಬ್ಬರೇ. ಕೋಚ್ ಮಾರ್ಗರೆಟ್ ವೇಡ್. 1975, 76, 77, ಮೂರು ವರ್ಷವೂ ಈ ತಂಡವೇ ಕಾಲೇಜು ಹುಡುಗಿಯರ ರಾಷ್ಟ್ರೀಯ ಚಾಂಪಿಯನ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರ ಬಾಸ್ಕೆಟ್‌ಬಾಲ್ ಸೇರಿತು, ಮೊದಲ ಪಂದ್ಯ ಜಪಾನ್ ಮೇಲೆ, ಆ ಪಂದ್ಯದ ಮೊದಲ ಬಾಸ್ಕೆಟ್ ಹಾಕಿದ್ದು ಲೂಸಿಯಾ. ಅಂದರೆ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಸ್ಕೆಟ್‌ಬಾಲ್ ಇರುವವರೆಗೂ ಮೊದಲ ಪಾಯಿಂಟ್ ಅವರದೇ! ಅಮೆರಿಕಕ್ಕೆ ಬೆಳ್ಳಿ ಬಂತು.

1977ರಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ತಂಡ ಎನ್‌ಬಿಎ ಡ್ರಾಫ್ಟಿನ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಏಳನೇ ಸುತ್ತಿನಲ್ಲಿ ಅವರನ್ನು ಆರಿಸಿತು. ಗಂಡಸರ ಲೀಗಿಗೆ! ಅಧಿಕೃತವಾಗಿ ಹಾಗೆ ಆಯ್ಕೆಯಾದ ಹೆಂಗಸು ಅವರೊಬ್ಬರೇ. ಅವರು ಹೋಗಲಿಲ್ಲ. ಮದುವೆಯಾಗಿತ್ತು, ಸಂಸಾರ ಮುಖ್ಯ ಅಂದುಕೊಂಡರು. ಅದು ಸರಿಯೋ ತಪ್ಪೋ ಅಂತ ಕೇಳುವವರು ಜಾಸ್ತಿ. ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಇಪ್ಪತ್ತೆರಡು ವರ್ಷದ ಅಂಥ ಆಟಗಾರ್ತಿಗೆ ಆಗ ಆಡಲು ಹೆಂಗಸರ ಲೀಗೇ ಇರಲಿಲ್ಲ ಅಲ್ವಾ? ಆಮೇಲೆ ಒಂದು ಲೀಗ್ ಶುರುವಾಗಿ, ಅದರಲ್ಲಿ ಹ್ಯೂಸ್ಟನ್ ಏಂಜಲ್ಸ್ ಪರವಾಗಿ 1979-80ರಲ್ಲಿ ಒಂದು ಸೀಸನ್ ಆಡಿದರು. ಆ ಲೀಗ್ ಬೇಗ ಮುಚ್ಚಿಹೋಯಿತು. ಈಗಿನ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎ ಆಟ ಶುರುವಾಗಿದ್ದು 1997ರಲ್ಲಿ. ಆಗ ಅವರಿಗೆ ನಲವತ್ತೆರಡು ವರ್ಷ.

ಬೈಪೋಲಾರ್ ಅನ್ನುವ ಮಾನಸಿಕ ಕಾಯಿಲೆಯ ಜೊತೆಗೂ ಹೆಣಗಿದರು, ಅದನ್ನು ಮುಚ್ಚಿಡಲಿಲ್ಲ. ತಾವು ಓದಿದ ಹೈಸ್ಕೂಲಿಗೇ ಟೀಚರ್ ಆಗಿ, ಕೋಚ್ ಆಗಿ ವಾಪಸ್ ಬಂದರು.

ಇದನ್ನೆಲ್ಲ ಮೇಡಂಗೆ ಫೋನಿನಲ್ಲಿ ಹೇಳಿದೆ. ರಿಟೈರ್ ಆಗಿದ್ದಾರೆ, ಕಿವಿ ಸ್ವಲ್ಪ ಮಂದ. "ಮ್ಯಾಗಜಿನ್‌ಗೆ ಬರಿ, ನಮ್ಮ ಹುಡುಗೀರು ಓದಲಿ" ಅಂದರು. ಇಡುವ ಮೊದಲು ಇನ್ನೊಂದು ವಿಷಯ ಹೇಳಿದೆ. 1992ರಲ್ಲಿ ಈ ಆಟದ ದೊಡ್ಡವರನ್ನು ಗೌರವಿಸುವ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಲೂಸಿಯಾ ಸೇರಿದಾಗ, ಅವರನ್ನು ಕರೆತಂದು ಪರಿಚಯಿಸಿದ್ದು ಆಸ್ಕರ್ ರಾಬರ್ಟ್‌ಸನ್.

"ಯಾರು? ಕೌದಿಯೊಳಗಿಂದ ನೋಡ್ತಿದ್ದಳಲ್ಲ, ಅವನೇನಾ?"

"ಹೌದು ಮೇಡಂ, ಅವರೇ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇನ್ನೊಂದ್ಸಲ ಹೇಳು" ಅಂದರು.