ಅಂಗೈಯಷ್ಟು ಇಲಿಗೆ ಎಂಥ ದವಡೆ!

ನೇಕೆಡ್ ಮೋಲ್ ರ್‍ಯಾಟ್‌ನ ಫೋಟೊ ನೋಡಿದ್ದೀರಾ? ಕೂದಲಿಲ್ಲದ, ಸುಕ್ಕು ಚರ್ಮದ, ಬಾಯಿಯಿಂದ ನಾಲ್ಕು ಹಲ್ಲು ಹೊರಗೆ ಚಾಚಿಕೊಂಡ ಪ್ರಾಣಿ. ಚೆಂದ ಅಂತೂ ಅಲ್ಲ. ಆದರೆ ಅದರ ದವಡೆಯ ಕಥೆ ಓದಿದ ಮೇಲೆ ನನಗೆ ಅದರ ಮೇಲೆ ಗೌರವ ಜಾಸ್ತಿಯಾಗಿದೆ.

ಕೀನ್ಯಾ, ಇಥಿಯೋಪಿಯಾ, ಸೊಮಾಲಿಯಾ ಕಡೆಯ ಗಟ್ಟಿ ನೆಲದಡಿ ಇದರ ವಾಸ. ತೂಕ ಸಾಮಾನ್ಯವಾಗಿ 30–40 ಗ್ರಾಂ. ಮೈಯಲ್ಲಿರುವ ಒಟ್ಟು ಸ್ನಾಯುವಿನ ಸುಮಾರು ಕಾಲು ಭಾಗ ಬರೀ ದವಡೆ ಮುಚ್ಚುವ ಕೆಲಸಕ್ಕೆ! ಯಾಕೆಂದರೆ ಇದು ಬಿಲ ಕೊರೆಯುವುದು ಉಗುರಿನಿಂದಲ್ಲ, ಹಲ್ಲಿನಿಂದ. ತುಟಿ ಹಲ್ಲಿನ ಹಿಂದೆ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಎಷ್ಟು ಕೊರೆದರೂ ಬಾಯಿಗೆ ಮಣ್ಣು ಹೋಗುವುದಿಲ್ಲ. ಕೆಳಗಿನ ಎರಡು ಹಲ್ಲುಗಳನ್ನು ಬೇಕಾದಾಗ ಅಗಲಿಸಿ, ಕೂಡಿಸಿ ಆಡಿಸುತ್ತದೆ. ಇಕ್ಕಳ ಇದ್ದ ಹಾಗೆ.

ದೊಡ್ಡ ಪ್ರಾಣಿಗೆ ಗಾತ್ರದಿಂದಲೇ ಕಡಿತದ ಬಲ ಬಂದುಬಿಡುತ್ತದೆ. ಚಿಕ್ಕದಕ್ಕೆ ಆ ಸವಲತ್ತು ಎಲ್ಲಿ? ಗಟ್ಟಿ ಕೆಲಸ ಮಾಡಬೇಕಾದರೆ ತಲೆಯ ಆಕಾರವೇ ಬದಲಾಗಬೇಕು. ಅಗಲ ತಲೆ, ಗಿಡ್ಡ ಮೂತಿ, ದಪ್ಪ ಸ್ನಾಯು.

ಕೆಲಸ ಹಗುರವಾದರೆ ಇದೇ ಕಥೆ ಉಲ್ಟಾ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಇಲಿಯೊಂದಕ್ಕೆ 2012ರಲ್ಲಿ ಪಾಸಿಡೆಂಟೊಮಿಸ್ ಅಂತ ಹೆಸರಿಟ್ಟರು. ಉದ್ದ ಮೂತಿ, ದವಡೆಹಲ್ಲೇ ಇಲ್ಲ. ತಿನ್ನುವುದು ಎರೆಹುಳು. ಶ್ಯಾವಿಗೆಯಂಥ ಊಟಕ್ಕೆ ಅಗಿಯುವ ಹಲ್ಲು ಯಾಕೆ ಬೇಕು, ಅಲ್ವಾ?

ಹಲ್ಲಿನ ಡಾಕ್ಟರ ಖರ್ಚೂ ಉಳಿಯಿತು ಬಿಡಿ.