ಕೊನೆಯ ಬೋಟಿನಲ್ಲಿ ಬಾರದವರ ರೂಮು

"ಮೇಡಂ, ಇದು ಜನವರಿ," ಅಂದ ರಿಸೆಪ್ಷನ್ ಹುಡುಗ. ನನ್ನ ಫೋನನ್ನು ಅಷ್ಟರಲ್ಲಿ ಎರಡು ಸಲ ನೋಡಿದ್ದ. ಮೂರನೇ ಸಲ ನೋಡಿ, ಪಾಪ, ನನಗೆ ಅವಮಾನ ಆಗದ ಹಾಗೆ ಮೆಲ್ಲಗೆ ಹೇಳಿದ.

ನಾನು ಬುಕ್ ಮಾಡಿದ್ದು ಜನವರಿ 28ಕ್ಕೆ. ಅಮ್ಮ, ತಮ್ಮ, ನಾನು ಬಂದು ನಿಂತಿದ್ದು ಡಿಸೆಂಬರ್ 28ಕ್ಕೆ. 2022ರಲ್ಲಿ, ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ. 2018ರಲ್ಲೇ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಾಗಿದೆ, ಆದರೆ ಜೆಟ್ಟಿಯಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಹ್ಯಾವ್‌ಲಾಕೇ. ವರ್ಷದ ಕೊನೇ ವಾರ ಅಲ್ಲಿ ರೂಮು ಸಿಗಲ್ಲ ಅಂತ ಗೊತ್ತಿದ್ದೇ ಎರಡು ತಿಂಗಳು ಮೊದಲು ಬುಕ್ ಮಾಡಿದ್ದೆ. ಎಲ್ಲರಿಗೂ ಹೇಳಿಕೊಂಡು ಬೇರೆ ತಿರುಗಿದ್ದೆ. ಫೋನಿನ ಕ್ಯಾಲೆಂಡರ್ ಒಂದು ತಿಂಗಳು ಮುಂದಕ್ಕೆ ಸರಿದಿದ್ದನ್ನು ಮಾತ್ರ ನೋಡಿರಲಿಲ್ಲ.

ಅಮ್ಮ ಬ್ಯಾಗಿನ ಮೇಲೆ ಕೂತಳು. ತಮ್ಮ ಏನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಬೇರೆ ಊರಾಗಿದ್ದರೆ ಮುಂದಿನ ಊರಿಗೆ ಬಸ್ಸು ಹತ್ತಬಹುದು. ಇಲ್ಲಿ ಸುತ್ತಲೂ ನೀರು. ಪೋರ್ಟ್ ಬ್ಲೇರ್‌ಗೆ ವಾಪಸ್ ಹೋಗೋಣ ಅಂದರೆ ಬೋಟುಗಳೆಲ್ಲ ಫುಲ್. ಫೋನಿನಲ್ಲಿ ನೆಟ್‌ವರ್ಕ್ ಬಂದಾಗ ಎಲ್ಲ ಕಡೆ 'ಸೋಲ್ಡ್ ಔಟ್', ಹೋದಾಗ ಸುಮ್ನೆ ಸುತ್ತುವ ಚಕ್ರ. ಆಗಲೇ ಎರಡು ಗಂಟೆ ದಾಟಿತ್ತು. ಅಲ್ಲಿ ಡಿಸೆಂಬರಿನಲ್ಲಿ ಐದೂಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಅಂಡಮಾನ್ ಇರುವುದು ಅಷ್ಟು ದೂರ ಪೂರ್ವಕ್ಕೆ. ಬೇರೆ ದಿನವಾಗಿದ್ದರೆ ಇದನ್ನು ತಮ್ಮನಿಗೆ ಖುಷಿಯಿಂದ ವಿವರಿಸುತ್ತಿದ್ದೆ.

ಒಂದು ಆಟೋ ಹಿಡಿದೆವು. ಡ್ರೈವರ್ ಬಂಗಾಳಿ. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟಿತ್ತು, ಅವನ ಅಜ್ಜ ಹಾಗೆ ಬಂದವರಂತೆ. ಅದಕ್ಕೇ ಊರುಗಳಿಗೆಲ್ಲ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಅಂತ ಹೆಸರು. "ಇಷ್ಟೊಂದು ದೇವರು ಇದ್ದೂ ಒಂದು ರೂಮಿಲ್ವಲ್ಲೇ," ಅಂದಳು ಅಮ್ಮ. ಅವಳು ಆ ಮಧ್ಯಾಹ್ನ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಅಲ್ಲಿ ಬೀಚುಗಳಿಗೆ ನಂಬರ್ ಇದೆ. ಮೂರನೇ ನಂಬರಿನಿಂದ ಐದನೇ ನಂಬರಿನವರೆಗೆ, ತೆಂಗು ಅಡಿಕೆ ತೋಟಗಳ ನಡುವೆ, ಸಿಕ್ಕ ಸಿಕ್ಕ ಗೇಟಿನಲ್ಲೆಲ್ಲ ಇಳಿದು ಹತ್ತಿದೆವು. ಕೆಲವರು ನಾವು ಇಳಿಯುವ ಮೊದಲೇ ದೂರದಿಂದ ಕೈ ಆಡಿಸಿದರು. ಒಂದು ಕಡೆ ಬಿದಿರಿನ ಗುಡಿಸಲಿಗೆ 6,000 ಅಂದರು, ಹೂಂ ಅಂದು ಪರ್ಸ್ ತೆಗೆಯುವಷ್ಟರಲ್ಲಿ ಅದೂ ಹೋಗಿದೆ ಅಂದರು.

ಏಳೆಂಟು ಕಡೆ ತಿರುಗಿದ ಮೇಲೆ ಒಂದು ವಿಷಯ ಹೊಳೆಯಿತು. "ಎಷ್ಟು ರಾತ್ರಿ?" ಅಂತ ಕೇಳಿದವರಿಗೆ ನಾನು "ಮೂರು" ಅನ್ನುತ್ತಿದ್ದೆ. ತಕ್ಷಣ ಇಲ್ಲ ಅನ್ನುತ್ತಿದ್ದರು. ಒಂದು ಕಡೆ ಸಾಕಾಗಿ "ಇವತ್ತು ಒಂದು ರಾತ್ರಿ ತಲೆ ಇಡೋಕೆ ಜಾಗ ಕೊಡಿ ಸಾಕು" ಅಂದೆ. ಆ ಮನುಷ್ಯ ಉದ್ದನೆಯ ರಿಜಿಸ್ಟರ್ ತೆಗೆದ. ಗೆರೆ ಎಳೆದ ಚೌಕಗಳು, ಪೆನ್ಸಿಲ್ಲಿನಲ್ಲಿ ಹೆಸರುಗಳು, ಅಳಿಸಿ ಮತ್ತೆ ಬರೆದ ಕಡೆ ಕಾಗದ ಕಪ್ಪಾಗಿತ್ತು. ಬೆರಳಿಟ್ಟು ಕೆಳಗಿನವರೆಗೂ ಹುಡುಕಿದ. ಅವನಲ್ಲೂ ಇರಲಿಲ್ಲ, ನಿಜ. ಆದರೆ ಹುಡುಕಿದನಲ್ಲ. ಮೂರು ರಾತ್ರಿ ಒಟ್ಟಿಗೆ ಖಾಲಿ ಇರುವ ರೂಮು ಆ ವಾರ ಎಲ್ಲಿಂದ ಬರಬೇಕು? ಇದ್ದರೆ ಒಬ್ಬರು ಹೋಗಿ ಇನ್ನೊಬ್ಬರು ಬರುವ ಮಧ್ಯೆ ಒಂದು ರಾತ್ರಿಯ ಸಂದು ಇರಬಹುದು, ಅಷ್ಟೇ.

ಬೀಚಿನಲ್ಲೇ ಮಲಗಿದರೆ ಹೇಗೆ ಅಂತ ತಮ್ಮ ಕೇಳಿದ. ಡ್ರೈವರ್ ನಕ್ಕ. ರಾತ್ರಿ ಬೀಚಿನಲ್ಲಿ ಉಳಿಯೋಕೆ ಬಿಡಲ್ಲ. ಬಿಟ್ಟರೂ ಈ ದ್ವೀಪಗಳಲ್ಲಿ ಸಮುದ್ರಕ್ಕೂ ಬರುವ ಮೊಸಳೆಗಳಿವೆ. ತಮ್ಮ ಆ ವಿಷಯ ಮತ್ತೆ ಎತ್ತಲಿಲ್ಲ.

"ದೀದಿ, ಸುಮ್ನೆ ಪೆಟ್ರೋಲ್ ಸುಡೋದು ಬೇಡ. ಜೆಟ್ಟಿಗೆ ಹೋಗೋಣ. ಕೊನೇ ಬೋಟ್ ಬರಲಿ," ಅಂದ ಡ್ರೈವರ್ ಹಿಂದಿಯಲ್ಲಿ.

ಜೆಟ್ಟಿಯ ಹೊರಗೆ ಹೋಟೆಲಿನವರು ಹೆಸರಿನ ಬೋರ್ಡ್ ಹಿಡಿದು ಸಾಲಾಗಿ ನಿಂತಿದ್ದರು. ವಿಮಾನ ಲೇಟಾದವರು, ಬೋಟ್ ತಪ್ಪಿಸಿಕೊಂಡವರು ದಿನಾ ಒಬ್ಬಿಬ್ಬರು ಇದ್ದೇ ಇರುತ್ತಾರಂತೆ. ಅವರ ರೂಮು ಆ ರಾತ್ರಿ ಖಾಲಿ. ಯಾವ ಬೋರ್ಡಿನವನು ಒಬ್ಬನೇ ಉಳಿಯುತ್ತಾನೋ ಅವನನ್ನು ಹಿಡಿಯಬೇಕು.

ಬೋಟ್ ಬಂತು. ಜನ ಟ್ರಾಲಿ ಬ್ಯಾಗ್ ಎಳೆದುಕೊಂಡು ಇಳಿದರು. ಬೋರ್ಡುಗಳು ಒಂದೊಂದೇ ಕೆಳಗಾದವು. ಯಾರಾದರೂ ಬಾರದೇ ಇರಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಯಾರೋ ಯಾವುದೋ ಊರಲ್ಲಿ ಕಷ್ಟಕ್ಕೆ ಸಿಕ್ಕಿಹಾಕಿಕೊಂಡಿರಲಿ ಅಂತ ಬೇಡುವುದು ಅಂದರೆ ಇದೇ ಅಲ್ವಾ? ಗೊತ್ತಿದ್ದೂ ಬೇಡಿಕೊಂಡೆ. ಕೊನೆಗೆ ಇಬ್ಬರು ಉಳಿದರು. ಒಬ್ಬನ ಅತಿಥಿಗಳು ಓಡುತ್ತಾ ಬಂದರು. ಇನ್ನೊಬ್ಬ ಫೋನ್ ಕಿವಿಗಿಟ್ಟುಕೊಂಡು ತುಂಬಾ ಹೊತ್ತು "ಹಾಂ ಸರ್, ಕಲ್ ಸುಬಹ್, ಕೋಯಿ ಬಾತ್ ನಹೀ" ಅನ್ನುತ್ತಿದ್ದ. ನಮ್ಮ ಡ್ರೈವರ್ ಆಗಲೇ ಅವನ ಪಕ್ಕ ಹೋಗಿ ನಿಂತಿದ್ದ. ಬಂಗಾಳಿಯಲ್ಲಿ ಏನೇನೋ ಮಾತಾಯಿತು. ನಡುನಡುವೆ ಅಮ್ಮನ ಕಡೆ ಕೈ ತೋರಿಸುತ್ತಿದ್ದ. 'ಮಾಶಿಮಾ', ಅಂದರೆ ಚಿಕ್ಕಮ್ಮ, ಅನ್ನುವ ಪದ ಮಾತ್ರ ನನಗೆ ತಿಳಿಯಿತು.

ಒಂದೇ ರಾತ್ರಿ, ಬೆಳಗ್ಗೆ ಎಂಟಕ್ಕೆ ಖಾಲಿ ಮಾಡಬೇಕು, ಬೋಟ್ ತಪ್ಪಿಸಿಕೊಂಡವರು ಬರುತ್ತಾರೆ. ಎಲ್ಲದಕ್ಕೂ ಹೂಂ ಅಂದೆ.

ಹೋಗುವಷ್ಟರಲ್ಲಿ ಕತ್ತಲಾಗಿತ್ತು. ರಾಧಾನಗರದ ಬೀಚಿನಲ್ಲಿ ಸೂರ್ಯಾಸ್ತ ನೋಡಬೇಕು ಅನ್ನುವುದು ಅಮ್ಮನ ಒಂದೇ ಆಸೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಚಂದದ ಬೀಚು ಅಂತ ಹೊಗಳಿದ್ದು ಅದನ್ನೇ. ಆ ದಿನದ ಸೂರ್ಯ ನಾವು ಜೆಟ್ಟಿಯಲ್ಲಿ ಬೋರ್ಡ್ ಓದುತ್ತಿದ್ದಾಗ ಮುಳುಗಿದ್ದ.

ಬಾಗಿಲು ತೆಗೆದು ಲೈಟ್ ಹಾಕಿದರೆ, ಹಾಸಿಗೆಯ ಮೇಲೆ ಕೆಂಪು ದಾಸವಾಳದ ಎಸಳುಗಳಲ್ಲಿ ದೊಡ್ಡದೊಂದು ಹೃದಯ. ಅದರ ನಡುವೆ ಬಿಳಿ ಟವೆಲ್ ಮಡಿಸಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಬಾರದೇ ಹೋದವರು ಹೊಸದಾಗಿ ಮದುವೆಯಾದವರು. ಮೂವರೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತೆವು. ಮೊದಲು ನಕ್ಕಿದ್ದು ತಮ್ಮ. "ಅಕ್ಕಾ, ಜನವರಿಯ ರೂಮಲ್ಲೂ ಹೀಗೇ ಇರ್ತಿತ್ತಾ?" ಅಂದ. ಆಮೇಲೆ ಅಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಮ್ಮ ಎಸಳುಗಳನ್ನು ಒಂದೂ ಬಿಡದೆ ಸೆರಗಿಗೆ ತುಂಬಿಕೊಂಡು ಮೇಜಿನ ಮೇಲೆ ಹಾಕಿದಳು. ಹಂಸಗಳನ್ನು ಬಿಚ್ಚದೆ ವಿಧಿ ಇರಲಿಲ್ಲ, ಮೈ ಒರೆಸಿಕೊಳ್ಳಲು ಬೇರೆ ಟವೆಲ್ ಇರಲಿಲ್ಲ. ನಾನು, ಅಮ್ಮ ಮಂಚದ ಮೇಲೆ, ತಮ್ಮ ನೆಲದ ಮೇಲೆ ಮಲಗಿದೆವು.

ಮುಂದಿನ ಎರಡು ರಾತ್ರಿ ಡ್ರೈವರಿನ ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ಕಳೆದವು. ರಾಧಾನಗರದ ಸೂರ್ಯಾಸ್ತವೂ ಸಿಕ್ಕಿತು, ಮೋಡದ ಹಿಂದೆ.

ಆದರೆ ಆ ಬೆಳಗ್ಗೆ ಆರಕ್ಕೆ ನನಗೆ ಎಚ್ಚರವಾದಾಗ ಅಮ್ಮ ಆಗಲೇ ಎದ್ದು ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ರಿಸೆಪ್ಷನ್‌ನಿಂದ ಹೊಸ ಟವೆಲ್ ಕೇಳಿ ತಂದಿದ್ದಳು, ಭಾಷೆ ಬಾರದೆ ಅದು ಹೇಗೆ ಕೇಳಿದಳೋ. ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. "ರೂಮ್ ಬಾಯ್ ಮಾಡ್ತಾನಮ್ಮ, ಬಿಡು," ಅಂದೆ. "ಅವರ ರೂಮಲ್ಲಿ ಮಲಗಿದ್ದು ನಾವು," ಅಂದಳು.

ನಾವು ಹೊರಡುವಾಗ ಬಾಡಿದ ಎಸಳುಗಳ ಹೃದಯದ ನಡುವೆ ಎರಡು ಹಕ್ಕಿ ಇದ್ದವು. ಒಂದು ಸುಮಾರಾಗಿ ಹಂಸದ ಹಾಗೇ ಇತ್ತು. ಇನ್ನೊಂದು ಕಾವಿಗೆ ಕೂತ ಕೋಳಿ.