‘ಹುಡುಕು’ ಒತ್ತಿದರೆ ಎಲ್ಲಿಗೆ ಹೋಗಬೇಕು?

ದಾವಣಗೆರೆಯ ಮಂಡಿಪೇಟೆ ಹತ್ತಿರ ಹಳೇ ಪುಸ್ತಕ ಮಾರುವ ಯಜಮಾನರೊಬ್ಬರಿದ್ದಾರೆ. ಅವರ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಸಂಬಳ ಅಂತ ಏನಿಲ್ಲ. ಆಗಾಗ ಬೆಣ್ಣೆ ದೋಸೆ, ಬೇಕಾದ ಪುಸ್ತಕ ಅರ್ಧ ರೇಟಿಗೆ.

ಅಂಗಡಿಯ ಪುಸ್ತಕಗಳ ಪಟ್ಟಿ ಮೂರು ಇವೆ. ಇಂಗ್ಲಿಷ್ ಪುಸ್ತಕಗಳದ್ದು ಒಂದು. ಈಚೆಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡ ಪಟ್ಟಿ ಇನ್ನೊಂದು. ಮೂರನೆಯದು ಅವರ ಮಗ ಕಾಲೇಜಿನಲ್ಲಿದ್ದಾಗ ಕನ್ನಡ ಟೈಪಿಂಗಿನ ಹಳೇ ‘ನುಡಿ’ ತಂತ್ರಾಂಶದಲ್ಲಿ ಹೊಡೆದಿಟ್ಟದ್ದು. ಮೂರಕ್ಕೂ ಸರ್ವರ್‌ನಲ್ಲಿ ಬೇರೆ ಬೇರೆ ಪ್ರೋಗ್ರಾಂ. ಪುಟದಲ್ಲಿ ಮಾತ್ರ ಹುಡುಕುವುದಕ್ಕೆ ಒಂದೇ ಡಬ್ಬಿ ಇರಬೇಕು ಅಂತ ಯಜಮಾನರ ಹಟ.

ಮೊದಲು ಸುಲಭದ ದಾರಿ ಹಿಡಿದೆ. ಪಕ್ಕದಲ್ಲಿ ಒಂದು ಡ್ರಾಪ್‌ಡೌನ್ ಇಟ್ಟೆ. ಆರಿಸಿದ ಪಟ್ಟಿಗೆ ತಕ್ಕಂತೆ ಫಾರ್ಮಿನ ‘ಆ್ಯಕ್ಷನ್’ ವಿಳಾಸವನ್ನು, ಅಂದರೆ ಹೊಡೆದ ಪದ ಯಾವ ಪ್ರೋಗ್ರಾಮಿಗೆ ಹೋಗಬೇಕು ಅನ್ನುವುದನ್ನು, ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಬದಲಾಯಿಸಬೇಕು, ಅಷ್ಟೇ. ಆದರೆ ಏನು ಆರಿಸಿದರೂ ಇಂಗ್ಲಿಷ್ ಪಟ್ಟಿಗೇ ಹೋಗುತ್ತಿತ್ತು. ಎರರ್ ಕೂಡ ಇಲ್ಲ. ಎರಡು ಸಂಜೆ ಹಾಳಾದವು. ತಪ್ಪು ನನ್ನದೇ: ಆ ಡ್ರಾಪ್‌ಡೌನ್‌ಗೂ ‘ಆ್ಯಕ್ಷನ್’ ಅಂತಲೇ ಹೆಸರಿಟ್ಟಿದ್ದೆ! ಫಾರ್ಮಿನ ಒಳಗೆ ಆ ಹೆಸರಿನ ಡಬ್ಬಿ ಇದ್ದರೆ, ಸ್ಕ್ರಿಪ್ಟ್ ‘ಫಾರ್ಮಿನ ಆ್ಯಕ್ಷನ್’ ಅಂತ ಕೇಳಿದಾಗ ಸಿಗುವುದು ವಿಳಾಸ ಅಲ್ಲ, ಆ ಡಬ್ಬಿ. ಹೊಸ ವಿಳಾಸ ಎಲ್ಲೂ ಸೇರದೆ ಸುಮ್ನೆ ಬಿದ್ದುಹೋಗುತ್ತಿತ್ತು. ‘ಪಟ್ಟಿ’ ಅಂತ ಹೆಸರು ಬದಲಿಸಿದೆ, ಓಡಿತು. ‘ಸಬ್ಮಿಟ್’ ಅಂತ ಹೆಸರಿಟ್ಟರೂ ಇಂಥದ್ದೇ ಗೋಳು.

ಇನ್ನೊಂದು ಸಣ್ಣ ಗುಂಡಿ. ಗೆಟ್ ವಿಧಾನದ ಫಾರ್ಮಿನಲ್ಲಿ, ಅಂದರೆ ತುಂಬಿದ್ದನ್ನು ವಿಳಾಸಕ್ಕೇ ಅಂಟಿಸಿ ಕಳಿಸುವ ಫಾರ್ಮಿನಲ್ಲಿ, ‘ಆ್ಯಕ್ಷನ್’ ವಿಳಾಸದ ಪ್ರಶ್ನೆಚಿಹ್ನೆ ಆದ ಮೇಲೆ ನೀವು ಬರೆದಿಟ್ಟದ್ದನ್ನು ಬ್ರೌಸರ್ ಎಸೆದುಬಿಡುತ್ತದೆ. ಅದನ್ನು ಫಾರ್ಮಿನೊಳಗೆ ಕಣ್ಣಿಗೆ ಕಾಣದ ಡಬ್ಬಿ (ಹಿಡನ್ ಇನ್‌ಪುಟ್) ಮಾಡಿಯೇ ಕಳಿಸಬೇಕು.

ತೋರಿಸಲು ಹೋದೆ. ಯಜಮಾನರು ಕನ್ನಡಕ ಏರಿಸಿ ನೋಡಿದರು. “ಅಲ್ಲಪ್ಪಾ, ಪುಸ್ತಕ ಯಾವ ಪಟ್ಟ್ಯಾಗ ಐತಿ ಅಂತ ಗಿರಾಕಿಗೆ ಹೆಂಗ್ ಗೊತ್ತಾಗ್ಬೇಕು?” ಅಂದರು. ನನಗೂ ಗೊತ್ತಿರಲಿಲ್ಲ, ಪ್ರತಿ ಸಲ ಮೂರರಲ್ಲೂ ಹುಡುಕುತ್ತಿದ್ದೆ.

ಡ್ರಾಪ್‌ಡೌನ್ ಕಿತ್ತು ಹಾಕಿದೆ. ಈಗ ಫಾರ್ಮ್ ಹೋಗುವುದು ಒಂದೇ ಪ್ರೋಗ್ರಾಮಿಗೆ. ಅದು ಬಂದ ಪದವನ್ನು ನೋಡಿ ಮುಂದಕ್ಕೆ ಕಳಿಸುತ್ತದೆ. ಅಡ್ಡಗೆರೆ ತೆಗೆದ ಮೇಲೆ ಹತ್ತು ಅಥವಾ ಹದಿಮೂರು ಅಂಕಿ ಉಳಿದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಅಂತ ಲೆಕ್ಕ. 2007ಕ್ಕೆ ಮುಂಚಿನ ಪುಸ್ತಕಗಳಲ್ಲಿ ಹತ್ತೇ ಇರುತ್ತಿತ್ತು, ಕೊನೆಗೆ ಎಕ್ಸ್ ಬರುವುದೂ ಉಂಟು. ಹಳೇ ಪುಸ್ತಕದಂಗಡಿ ಅಲ್ವಾ, ಅಂಥವೇ ಜಾಸ್ತಿ. ಒಂದಾದರೂ ಕನ್ನಡ ಅಕ್ಷರ ಕಂಡರೆ ಎರಡೂ ಕನ್ನಡ ಪಟ್ಟಿಗೆ. ಉಳಿದದ್ದು ಇಂಗ್ಲಿಷಿಗೆ. ಒಂದು ಪ್ರೋಗ್ರಾಂ ಪದವನ್ನು ‘ಕ್ಯೂ’ ಹೆಸರಲ್ಲಿ ಕೇಳುತ್ತದೆ, ಇನ್ನೊಂದು ‘ಕೀವರ್ಡ್’ ಅಂತ. ಆ ಬದಲಾವಣೆಯೂ ಇಲ್ಲೇ. ಯಾವ ಪ್ರೋಗ್ರಾಂ ಓಡಿಸಬೇಕು ಅನ್ನುವುದು ಮಾತ್ರ ನಾನೇ ಬರೆದಿಟ್ಟ ಪ್ರೋಗ್ರಾಂ ಹೆಸರುಗಳ ಪಟ್ಟಿಯಿಂದಲೇ. ಬ್ರೌಸರ್ ಕಳಿಸಿದ ಹೆಸರನ್ನು ಹಾಗೇ ಫೈಲಿನ ಹೆಸರು ಅಂತ ನಂಬಿದರೆ ಯಾರು ಏನು ಬೇಕಾದರೂ ತೆರೆಸಬಹುದು.

ನಿಜವಾಗಿ ಬೆವರಿಳಿಸಿದ್ದು ನುಡಿ ಪಟ್ಟಿ. ಹಳೇ ನುಡಿಯಲ್ಲಿ ಕನ್ನಡ ಕಾಣುವುದು ಫಾಂಟಿನಿಂದ ಮಾತ್ರ. ಫಾಂಟ್ ತೆಗೆದರೆ ‘ಕ’ ಅನ್ನುವುದು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಮೇಲೆ ಗೀಟಿರುವ ‘ಎ’. ಯೂನಿಕೋಡ್ ಪದವನ್ನು ಹಾಗೇ ಕೊಟ್ಟರೆ ಸೊನ್ನೆ ಸಿಗುತ್ತದೆ. ಹಾಗಾಗಿ ಆ ಕಡೆ ಹೋಗುವ ಪದವನ್ನು ಮೊದಲು ನುಡಿಗೆ ತಿರುಗಿಸಬೇಕು. ಅಕ್ಷರಕ್ಕೆ ಅಕ್ಷರ ಇಟ್ಟರೆ ಮುಗಿಯುವುದಿಲ್ಲ. ‘ಕರ್ನಾಟಕ’ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ‘ರ’ ಮೊದಲು, ‘ನ’ ಆಮೇಲೆ. ನುಡಿಯಲ್ಲಿ ಕಣ್ಣಿಗೆ ಕಂಡ ಹಾಗೆ ‘ನಾ’ ಮೊದಲು, ಅರ್ಕಾವತ್ತು ಆಮೇಲೆ.

ಮೊನ್ನೆ ಯಜಮಾನರ ಫೋನಿನಲ್ಲೇ ‘ಕರ್ನಾಟಕ’ ಹೊಡೆದು ತೋರಿಸಿದೆ. ಏಳು ಪುಸ್ತಕ ಬಂದವು, ನಾಲ್ಕು ನುಡಿ ಪಟ್ಟಿಯಿಂದ. ನಾನು ಬೀಗುತ್ತಿದ್ದೆ. ಅವರು ಒಂದೊಂದೇ ಹೆಸರು ಓದಿ ಹೇಳಿದರು: “ಈ ನಾಕೂ ಮಾರಿ ಭಾಳ ವರ್ಷ ಆತಲ್ಲೋ.”